ಹೊಸಬರ ಬೆಂಚು

ಹತ್ತು ವಾರಗಳ ನಂತರ ವರ್ಕ್‌ಶಾಪಿನ ಬಾಗಿಲು ತಳ್ಳಿ ಒಳಗೆ ಬಂದ ನನಗೆ, ನಾನಿಲ್ಲದಾಗ ಹೊಸಬರನ್ನು ನೋಡಿಕೊಳ್ಳುತ್ತಿದ್ದ ಟೈಲರಮ್ಮ ಹೊಸಬರ ಬೆಂಚು ತೋರಿಸಿದಳು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಎಂಟು ವಾರ ಬರದಿದ್ರೆ ಹೊಸಬರು. ಗೋಡೆ ಮೇಲೆ ಬರ್ದಿದೆಯಲ್ಲ ಮೇಷ್ಟ್ರೇ."

ಬರೆದವನು ನಾನೇ. ಸಂಬಳ ಸಾರಿಗೆ ಇಲ್ಲದೆ ನಾವು ನಾವೇ ನಡೆಸುವ ಈ ಮರಗೆಲಸದ ವರ್ಕ್‌ಶಾಪಿಗೆ ಶಿಸ್ತು ತಂದವನು ನಾನು ಅಂತ ಎದೆ ತಟ್ಟಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಹೊಸಬರನ್ನು ಬರಮಾಡಿಕೊಂಡವನೂ ನಾನೇ. ಬರಮಾಡಿಕೊಳ್ಳುವುದೆಂದರೆ ಕಿವಿ ಹಿಂಡುವುದು ಅಂತಲೇ ನಾನು ತಿಳಿದಿದ್ದೆ. ಮೊದಲ ದಿನ ಹೆದರಿದವರು ಮುಂದೆ ಬೆರಳು ಕತ್ತರಿಸಿಕೊಳ್ಳುವುದಿಲ್ಲ.

"ಹಾರ್ಟ್ ಆಪರೇಷನ್ ಆಗಿತ್ತಮ್ಮ. ನಾನೇನು ಊರು ಸುತ್ತೋಕೆ ಹೋಗಿದ್ನಾ?"

"ಗೊತ್ತು. ಈಗ ಹೇಗಿದೀರಾ? ಕೂತ್ಕೊಳ್ಳಿ."

ಒಳಗಿದ್ದ ಹಳಬರು ತಮ್ಮ ತಮ್ಮ ಹಲಗೆಗಳ ಮೇಲೆ ಬಗ್ಗಿದರು. ಅಷ್ಟೂ ಜನಕ್ಕೆ ಗರಗಸ ಹಿಡಿಯಲು ಕಲಿಸಿದ್ದು ನಾನು! ಮೈಯೆಲ್ಲ ಉರಿಯಿತು. ಆದರೂ ಕೂತೆ. ನನಗೆ ಕುರ್ಚಿ ಬೇಕಿತ್ತು.

ಕುರ್ಚಿ ನನ್ನ ಹೆಂಡತಿಗೆ. ಮಂಡಿ ಮಡಚಲಾಗದವಳಿಗೆಂದು ಎತ್ತರದ ಕುರ್ಚಿ. ನಾಲ್ಕು ಕಾಲುಗಳನ್ನೂ ಕೊಯ್ದು, ಉಜ್ಜಿ, ಕಪಾಟಿನಲ್ಲಿಟ್ಟು ಆಸ್ಪತ್ರೆಗೆ ಹೋಗಿದ್ದೆ. ಹತ್ತು ವಾರ ಅವಳು ನನ್ನ ಮಂಚದ ಪಕ್ಕ ತಗ್ಗು ಸ್ಟೂಲಿನ ಮೇಲೆ ಕೂತು, ಏಳುವಾಗಲೆಲ್ಲ ನರಳಿ, ನನ್ನನ್ನು ಉಳಿಸಿಕೊಂಡಿದ್ದಳು. "ಜೋಡಿಸೋದಷ್ಟೇ ಬಾಕಿ, ಇನ್ನೆರಡು ಶನಿವಾರ" ಅಂತ ಬೆಳಿಗ್ಗೆಯಷ್ಟೇ ಮಾತು ಕೊಟ್ಟು ಬಂದಿದ್ದೆ.

ಬೆಂಚಿನ ಮೇಲೆ ನನ್ನ ಜೊತೆ ಒಬ್ಬ ನರ್ಸ್, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದರು. ಟೈಲರಮ್ಮ ಶುರು ಮಾಡಿದಳು. "ತಗೊಂಡ ಸಾಮಾನು ತಗೊಂಡ ಜಾಗದಲ್ಲೇ ಇಡಿ. ನಿಮ್ಮ ಹಿಂದೆ ಎತ್ತಿಡೋಕೆ ಇಲ್ಲಿ ನಿಮ್ಮಮ್ಮ ಇಲ್ಲ." ನರ್ಸ್ ನಕ್ಕಳು. ಅದು ನನ್ನ ಜೋಕು.

"ಈಗ ಪರೀಕ್ಷೆ. ಗೆರೆ ಮೇಲೆ ಕೊಯ್ಯಬೇಕು. ತಪ್ಪಿದ್ರೆ ಇನ್ನೊಂದು ಸಲ."

ಪರೀಕ್ಷೆಗೆ ಹೊಸ ಮರ ಹಾಳು ಮಾಡಬಾರದು, ಎಂಟು ವಾರ ಯಾರೂ ಮುಟ್ಟದ ಕೆಲಸವನ್ನೇ ಕೊಡಬೇಕು. ಇದೂ ನನ್ನದೇ ನಿಯಮ. ನನ್ನ ಮುಂದೆ ಅವಳಿಟ್ಟ ಮರದ ಮೇಲೆ, ಹೆಂಡತಿಯನ್ನು ನಿಲ್ಲಿಸಿ ಅವಳ ಮಂಡಿಯ ಎತ್ತರಕ್ಕೆ ನಾನು ಹಾಕಿದ್ದ ಪೆನ್ಸಿಲ್ ಗುರುತಿತ್ತು. ಅದರ ಒಂದು ಗೇಣು ಕೆಳಗೆ, ಬಟ್ಟೆಗೆ ಹಾಕುವ ಸೀಮೆಸುಣ್ಣದಲ್ಲಿ ಟೈಲರಮ್ಮ ಗೆರೆ ಎಳೆದಿದ್ದಳು.

ಮೂರು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಅವಳು ಕೂತಿದ್ದಳು. ಅವಳ ಗಂಡ ನಮ್ಮ ಸದಸ್ಯ. ಹೆಂಡತಿಯ ಹೊಲಿಗೆ ಮೆಷಿನ್ನಿಗೆ ಟೇಬಲ್ ಮಾಡುತ್ತಿದ್ದವನು ಕಾಯಿಲೆ ಬಿದ್ದು ತೀರಿಹೋದ. ಒಂಬತ್ತನೇ ವಾರ ಅವಳು ಬಂದು, ಟೇಬಲ್ ನಾನೇ ಮುಗಿಸುತ್ತೇನೆ ಅಂದಳು. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರೂ ತಲೆ ಮೇಲೆ ಕೂರುತ್ತಾರೆ ಅಂತ ಅದೇ ಟೇಬಲಿನ ಹಲಗೆಯನ್ನು ಕೊಯ್ಯಲು ಕೊಟ್ಟೆ. ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಕಣ್ಣು ತುಂಬಿದಾಗ, "ಅಳೋರ ಕೈಗೆ ಗರಗಸ ಕೊಡಲ್ಲ" ಅಂದೆ. ಕಣ್ಣೊರೆಸಿಕೊಂಡು ಕೊಯ್ದಳು, ಒಂದೆಳೆಯೂ ಅತ್ತಿತ್ತ ಹೋಗದ ಹಾಗೆ. ಆ ಸಂಜೆ ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೆ.

"ಇದು ನನ್ನ ಹೆಂಡತಿ ಕುರ್ಚೀದು," ಅಂದೆ.

"ಗೊತ್ತು."

"ಅವಳು ನಿನಗೇನಮ್ಮ ಮಾಡಿದ್ಲು?"

"ನಮ್ಮನೆಯವರು ನಿಮಗೇನು ಮಾಡಿದ್ರು?"

ಎದ್ದು ಹೋಗಬಹುದಿತ್ತು. "ಪಾಸಾದ್ರೆ ಉಳಿದ ಮೂರು ಕಾಲು ಕೊಡ್ತೀಯಾ?" ಅಂತ ಕೇಳಿದೆ, ನನ್ನ ದನಿ ನನಗೇ ಅಸಹ್ಯವಾಯಿತು.

"ಸದಸ್ಯರಾದ್ಮೇಲೆ ಕಪಾಟಲ್ಲಿ ಉಳಿದಿದ್ದೆಲ್ಲ ನಿಮ್ದೇ."

ಒಂದು ಕಾಲು ತಾನೆ, ಮತ್ತೆ ಮಾಡಿದರಾಯಿತು. ಹಲ್ಲು ಕಚ್ಚಿ ಗರಗಸ ಎಳೆದೆ. ಹತ್ತು ಎಳೆತಕ್ಕೇ ಎದೆಯ ಹೊಲಿಗೆ ಜಗ್ಗಿ ಉಸಿರು ಸಿಕ್ಕಿಕೊಂಡಿತು. ಪೋಸ್ಟ್‌ಮ್ಯಾನ್, "ನಾನು ಹಿಡ್ಕೊಳ್ಲಾ ಸಾರ್?" ಅಂದ. ಟೈಲರಮ್ಮ ಬೇಡವೆಂದು ತಲೆಯಾಡಿಸಿದಳು. ಕಾಲು ಎರಡಾಗಿ ನೆಲಕ್ಕೆ ಬಿತ್ತು.

ಅವಳು ಬಗ್ಗಿ ಎತ್ತಿಕೊಂಡು, ಅಂಗಿಯ ಕಾಲರ್ ನೋಡುವ ಹಾಗೆ ಬೆಳಕಿಗೆ ಹಿಡಿದಳು.

"ಗೆರೆ ತಪ್ಪಿದೆ ಮೇಷ್ಟ್ರೇ."

ಕಪಾಟಿನಿಂದ ಎರಡನೇ ಕಾಲು ತಂದು, ಅದೇ ಜಾಗದಲ್ಲಿ ಗೆರೆ ಎಳೆದು, ನನ್ನ ಮುಂದಿಟ್ಟಳು.

"ಸುಧಾರಿಸ್ಕೊಂಡು ಮಾಡಿ. ಇನ್ನೂ ಮೂರಿವೆ."

ನಾನು ಗರಗಸ ಎತ್ತಿಕೊಂಡೆ.