ತೊಗರಿ ಎಲಿ ನೋಡ್ರಿ ಮೊದಲ

ಈರಬಸಪ್ಪನವರಿಗೆ ಪುಣೆಯ ಸ್ವಾರಗೇಟಿನಲ್ಲಿ ಬಟ್ಟೆ ಅಂಗಡಿ, ಸಾಸವಡದ ಹತ್ತಿರ ಎರಡು ಎಕರೆ ಹೊಲ. ಹೊಲದ ಮುಖ ನೋಡುವುದು ರವಿವಾರಕ್ಕೊಮ್ಮೆ. ಕಳೆಗೆಲ್ಲಿಯ ರವಿವಾರ, ಎಲ್ಲಿಯ ಸೋಮವಾರ? ಸಜ್ಜೆ, ತೊಗರಿ ಬಿತ್ತಿ ಮೂರು ವಾರವಾಗಿತ್ತಷ್ಟೇ, ಸಾಲುಗಳ ನಡುವೆ ಕಳೆಯೇ ಯಜಮಾನನಾಗಿ ಕುಳಿತಿತ್ತು.

ಅವರು ಔಷಧದ ಪಂಪು ಬೆನ್ನಿಗೇರಿಸಿದಾಗ ಹೆಂಡತಿ ಬಸವಣ್ಣೆವ್ವ ಓಡಿ ಬಂದು ಅಡ್ಡ ನಿಂತಳು. ಆ ತೊಗರಿ ಬೀಜ ಅವಳ ತವರಿನದು. ಅವ್ವ ಸಾಯುವ ಮೊದಲು ಗಂಟು ಕಟ್ಟಿ ಕೊಟ್ಟಿದ್ದಳು. ಬಸವಣ್ಣೆವ್ವ ಅದನ್ನು ಒಂದು ಕಾಳೂ ಉಳಿಸದೆ ಬಿತ್ತಿಬಿಟ್ಟಿದ್ದಳು.

"ಏನ್ ಹೊಡಿಯಾಕತ್ತೀರಿ?"

"ಕಳೆನಾಶಕ. ಬಾಜೂ ಹೊಲದಾಗ ಇದನ್ನ ಹೊಡದಾರ. ಅವರ ಸಜ್ಜಿ ಹೆಂಗ ನಿಂತದ ನೋಡು!"

"ಅವರದು ಬರೇ ಸಜ್ಜಿ ಅದ. ನಮ್ಮದ್ರಾಗ ತೊಗರಿನೂ ಅದಲ್ರಿ! ಒಂದೀಟು ತಡೀರಿ, ರೇಣು ಬರಲಿ."

ರೇಣು ಅವಳ ತಂಗಿಯ ಮಗಳು. ಕೃಷಿ ಓದಿ ಅದೇ ಭಾಗದ ರೈತರಿಗೆ ಸಲಹೆ ಕೊಡುವವಳು. ಬಂದವಳೇ ಬಾಟಲಿಯ ಮೇಲಿನ ಬರಹ ಓದಿದಳು.

"ದೊಡ್ಡಪ್ಪ, ಇದು ಅಗಲ ಎಲಿ ಕಳೆ ಕೊಲ್ಲೋ ಔಷಧ. ಸಜ್ಜಿ ಎಲಿ ಹುಲ್ಲಿನಂಗ ಅದ, ಉಳೀತದ. ತೊಗರಿ ಎಲಿ ನೋಡ್ರಿ ಮೊದಲ. ಅದೂ ಅಗಲ ಎಲಿನ. ಔಷಧಕ್ಕ ಕಳೆ ಯಾವುದು, ಬೆಳಿ ಯಾವುದು ಗೊತ್ತಾಗಂಗಿಲ್ಲ, ತೊಗರಿನೂ ಸಾಯ್ತದ."

ಈರಬಸಪ್ಪನವರು ಮುಖ ಗಂಟಿಕ್ಕಿದರು. "ಹಂಗಾದ್ರ ಕೈಲೆ ಕೀಳಕೋತ ಕೂಡ್ಲೇನು? ಅಂಗಡಿ ನಿಮ್ಮಪ್ಪ ನೋಡ್ತಾನೇನು?"

ರೇಣು ನಕ್ಕಳು. "ಕೂರಿಗಿಲೆ ಸಾಲು ಹಿಡಿದು ಬಿತ್ತೀರಿ, ಅದ ಪುಣ್ಯ. ಎತ್ತು ಕಟ್ಟಿ ಸಾಲಿನ ನಡುವ ಎಡೆಕುಂಟಿ ಹೊಡೀರಿ, ಕಳೆ ಬೇರಸಮೇತ ಕಿತ್ತ ಬರ್ತದ. ಬುಡದಾಗಿನ ಕಳೆ ಅಷ್ಟ ಕೈಲೆ ತೆಗೀರಿ. ಎರಡು ವಾರ ಬಿಟ್ಟು ಮತ್ತೊಮ್ಮೆ. ಆಮ್ಯಾಲೆ ಬೆಳಿ ನೆರಳ ಕಳೆ ಏಳಗೊಡಂಗಿಲ್ಲ."

"ನಮ್ಮಪ್ಪನೂ ಹಂಗ ಮಾಡ್ತಿದ್ದ," ಎನ್ನುತ್ತ ಈರಬಸಪ್ಪನವರು ಪಂಪು ಇಳಿಸಿದರು. ಬಸವಣ್ಣೆವ್ವನಿಗೆ ಹೋದ ಜೀವ ಬಂದಂತಾಯಿತು.

"ಶೇಟ್, ಆಮಚಾ ಕೋಳಪಾ ಘ್ಯಾ!" ನಮ್ಮ ಕುಂಟೆ ತಗೊಳ್ಳಿ ಎಂದು ಮರಾಠಿಯಲ್ಲಿ ಹೇಳುತ್ತ ಪಕ್ಕದ ಹೊಲದ ಸಾವಿತ್ರಿಬಾಯಿ ಎತ್ತು, ಎಡೆಕುಂಟೆ ಎರಡನ್ನೂ ಕೊಟ್ಟರು. ಸಂಜೆಯೊಳಗೆ ಸಾಲು ಸಾಲೂ ಎದ್ದು ಕಂಡವು.

ಸಜ್ಜೆ ಮನೆ ಸೇರಿತು. ಸಂಕ್ರಾಂತಿ ಕಳೆದ ಮೇಲೆ ತೊಗರಿಯ ರಾಶಿಯೂ ಆಯಿತು. ಬಸವಣ್ಣೆವ್ವ ಮೊದಲ ಗಂಟು ಕಟ್ಟಿ ರೇಣುವಿನ ಕೈಗಿಟ್ಟಳು. "ನಮ್ಮವ್ವನ ತೊಗರಿ. ನೀನೂ ಬಿತ್ತವಾ."

"ಎಡಿ ಹೊಡಿಯಾಕ ನನ್ನ ಕರಿ," ಎಂದರು ಈರಬಸಪ್ಪ. "ರವಿವಾರ ಮಾತ್ರ ಹಾಂ!"

ಒಂದೇ ಹೊಲದಲ್ಲಿ ಎರಡು ಬೆಳೆ ಸೇರಿಸಿ ಅಕ್ಕಡಿ ಹಾಕುವ ಅಣ್ಣಂದಿರೇ, ಅಕ್ಕಂದಿರೇ, ಬಾಜೂ ಹೊಲ ನೋಡಿ ಪಂಪು ಹೊರಬೇಡಿ. ಸಾಲು ಹಿಡಿದು ಬಿತ್ತಿ, ಮೂರನೆಯ ವಾರಕ್ಕೊಮ್ಮೆ, ಐದನೆಯ ವಾರಕ್ಕೊಮ್ಮೆ ಎಡೆ ಹೊಡೆಯಿರಿ. ಔಷಧ ಬೇಕೇ ಬೇಕೆಂದರೆ ಎರಡೂ ಬೆಳೆಯ ಹೆಸರು ಹೇಳಿ ತಿಳಿದವರನ್ನು ಕೇಳಿ. ನಿಮ್ಮ ಹೊಲದಲ್ಲೂ ಯಾರದೋ ತವರಿನ ಬೀಜ ಇದ್ದೀತು.