ಮೂರನೇ ಬಾಟಲಿ

ನಮ್ಮ ರಕ್ತನಿಧಿಯಲ್ಲಿ ಯಾರನ್ನೂ ನಂಬಬಾರದು ಎಂಬುದು ನನ್ನ ಸಿದ್ಧಾಂತ. ಅದರಲ್ಲೂ ಗಡಿಬಿಡಿಯನ್ನು! ನಾವೆಲ್ಲ ಹಾಗೆಂದೇ ಕರೆಯುವ ಈ ಸಹೋದ್ಯೋಗಿಯ ಕೈ ಟ್ಯೂಬಿನಲ್ಲಿದ್ದರೆ ಕಣ್ಣು ಗಡಿಯಾರದ ಮೇಲಿರುತ್ತದೆ.

ನನ್ನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ರಕ್ತ ಹೋಗಿ ಹೋಗಿ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದಳು. ರಕ್ತ ಕೊಡುವ ಮುಂಚೆ ರೋಗಿಯ ಸೀರಮ್ಮಿಗೆ, ಅಂದರೆ ರಕ್ತದ ತಿಳಿನೀರಿಗೆ, ಪರೀಕ್ಷೆಗೆಂದೇ ಇಟ್ಟ ಮೂರು ಬಾಟಲಿಗಳ ಕೆಂಪು ಕಣಗಳನ್ನು ಬೆರೆಸಿ ನೋಡುತ್ತೇವೆ. ಆ ಬಾಟಲಿಗಳಿಗೆ ರಕ್ತ ಕೊಡುವವರು 'ಓ' ಗುಂಪಿನ ನಾವು ನೌಕರರೇ; ಮೇಲೆ ಹೆಸರಿರುವುದಿಲ್ಲ, ನಂಬರಷ್ಟೇ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ, ಕಾರಣ ತಿಳಿಯುವ ತನಕ ರೋಗಿಗೆ ಒಂದು ಹನಿಯೂ ಇಲ್ಲ. ಅವಳ ಸೀರಮ್ಮಿನಲ್ಲಿ ಮೂರನೇ ಬಾಟಲಿಯ ಕಣಗಳು ಮಾತ್ರ ಕಂಡೂ ಕಾಣದ ಹಾಗೆ ಅಂಟಿಕೊಂಡವು. ಆಪರೇಷನ್ ಮುಂದಕ್ಕೆ ಹೋಯಿತು.

"ಕಣ ಸರಿಯಾಗಿ ತೊಳೆದಿಲ್ಲ ನೀನು!" ಎಂದು ಗಡಿಬಿಡಿಯ ಮೇಲೆ ಹರಿಹಾಯ್ದೆ.

"ಅಯ್ಯೋ ದೇವರೇ, ನಿನ್ನ ಕಣ್ಣೆದುರೇ ತೊಳೆದೆನಲ್ಲೋ! ನೀನೇ ಮಾಡ್ಕೋ ಹೋಗು."

ನಾನೇ ಮಾಡಿದೆ. ಮತ್ತೆ ಅಂಟಿತು.

ಬೇರೆಯವರ ರಕ್ತ ಮೈಗೆ ಸೇರಿದ್ದರೂ ಹೀಗಾಗುತ್ತದೆ. ಸೀದಾ ವಾರ್ಡಿಗೆ ಹೋದೆ.

"ನಿಜ ಹೇಳು, ಯಾವಾಗಾದ್ರೂ ರಕ್ತ ಹಾಕಿಸ್ಕೊಂಡಿದ್ಯಾ? ಮದುವೆಗೆ ಮುಂಚೆ? ಏನು ಮುಚ್ಚಿಟ್ಟಿದ್ದೀಯ?"

"ಈ ಸ್ಥಿತೀಲೂ ನಿಮ್ಮ ಪೊಲೀಸ್‌ಗಿರಿ ಬಿಡಲ್ವಲ್ಲ ರೀ! ಮೂರು ಹೆತ್ತಿದ್ದೀನಿ, ಅಷ್ಟೇ," ಎಂದು ಗೋಡೆ ಕಡೆ ತಿರುಗಿಕೊಂಡಳು. ನನಗೆ ಕೋಪ ಬಂತು. ಇವಳು ಉಳಿಯುತ್ತಾಳೋ ಇಲ್ಲವೋ ಎಂಬ ಭಯವೂ ಆಯಿತು.

ಕೊನೆಗೆ ನಮ್ಮ ಡಾಕ್ಟರಮ್ಮ ಮೂರನೇ ಬಾಟಲಿಯ ಕಣಗಳನ್ನು ಮಲೇರಿಯಾ ಔಷಧದಲ್ಲಿ ನೆನೆಸಲು ಹೇಳಿದರು. ಈಗ ಅಂಟಲಿಲ್ಲ.

"ಇದು ಅಂಗಾಂಶದ ಗುರುತು ಕಣ್ರೀ. ಬಿಳಿ ಕಣದ ಮೇಲಿರೋದು. ಕೆಂಪು ಕಣದ ಮೇಲೆ ಹೆಚ್ಚಿನವರಲ್ಲಿ ಇದ್ದೂ ಇಲ್ಲದ ಹಾಗೆ. ಕೆಲವರಲ್ಲಿ ಮಾತ್ರ ಹುಟ್ಟಿನಿಂದ್ಲೇ ಜಾಸ್ತಿ. ಔಷಧ ಅದನ್ನ ಕಳಚಿಹಾಕ್ತು. ಮಗೂಗೆ ಅಪ್ಪನಿಂದ ಬಂದ ಗುರುತನ್ನ ಹೆತ್ತವಳ ರಕ್ತ ಬಸುರಿನಲ್ಲೇ ಎದುರಿಸೋಕೆ ಕಲಿತಿರತ್ತೆ. ಭಯ ಇಲ್ಲ, ರಕ್ತ ಕೊಡಿ. ಅಂದಹಾಗೆ, ಆ ಬಾಟಲಿ ಯಾರದು?"

ಗಡಿಬಿಡಿ ಮೊದಲ ಸಲ ನಿಧಾನವಾಗಿ ಮಾತಾಡಿದ. "ಇವನದೇ ಮೇಡಂ. ಮೊನ್ನೆ ನಾನೇ ಸೂಜಿ ಚುಚ್ಚಿದ್ದು."

ಎಲ್ಲರನ್ನೂ ಅನುಮಾನಿಸಿದ್ದೆ, ನನ್ನೊಬ್ಬನನ್ನು ಬಿಟ್ಟು.

ವಾರ್ಡಿನಲ್ಲಿ ಅವಳಿಗೆ ರಕ್ತ ಹನಿಯುತ್ತಿತ್ತು. ತುಟಿಗೆ ಬಣ್ಣ ಬರತೊಡಗಿತ್ತು.

"ಕಳ್ಳ ಸಿಕ್ಕಿದ್ನಾ?" ಎಂದಳು.

"ಸಿಕ್ಕಿದ. ನಾನೇ." ಎಲ್ಲವನ್ನೂ ಹೇಳಿದೆ, ಕ್ಷಮಿಸು ಎಂದೆ.

ಅವಳು ನಗಲಿಲ್ಲ. "ಕಣ ಬಿಡಿ, ಔಷಧದಲ್ಲಿ ನೆನೆಸಿದ್ರಿ. ಮದುವೆಗೆ ಮುಂಚೆ ಅಂತ ಕೇಳಿದ್ರಲ್ಲ, ಆ ಅನುಮಾನಾನ ಯಾವುದರಲ್ಲಿ ನೆನೆಸ್ತೀರಿ?"