ಹಂಚಬಾರದ ಮಾತ್ರೆ

"ಇನ್ನೊಂದು ಹಂದಿ! ದೊಡ್ಡದು!" ಪೌಲೋ ಕೋಲೆತ್ತಿ ಕೂಗಿದ. ಸಾವಿನ ಮನೆಗೆ ಬಂದ ಉಡುಗೊರೆಯನ್ನೆಲ್ಲ ಊರಿಗೆ ಕೇಳುವಂತೆ ಸಾರುವುದು ಈ ಹಿರಿಯನ ಕೆಲಸ. ಹಂದಿ, ಡಬ್ಬಿ ಮೀನು, ನವಿರು ಚಾಪೆ. ಸವಾಯಿ ದ್ವೀಪದ ಅರ್ಧ ಜನ ಫಾಮನುವಿನ ಮಣ್ಣಿಗೆ ಬಂದಿದ್ದರು. ತಂದದ್ದು ತಂದಹಾಗೇ ಹಂಚಿಹೋಗುತ್ತಿತ್ತು.

ಮಗಳು ಲೋಸಾಳ ಕಣ್ಣು ಮಾತ್ರ ತಮ್ಮ ಯೋಸುವಾನ ಮೇಲಿತ್ತು. ಅವನ ತೊಡೆಯಲ್ಲಿ ಅಪ್ಪನಿಗೆ ಎದ್ದಂಥದೇ ಕುರು. ಆಸ್ಪತ್ರೆಯವರು ನಿನ್ನೆಯಷ್ಟೇ ಏಳು ದಿನದ ಹೊಸ ಮಾತ್ರೆ ಕೊಟ್ಟಿದ್ದರು. ಅವನ ರಗ್ಬಿ ತಂಡದ ಸಿಮಿ ತನ್ನ ಮೊಣಕಾಲಿನ ಕುರು ತೋರಿಸಿ ಕೈ ಚಾಚಿದ.

"ಎರಡು ಕೊಡೋ. ಇಡೀ ಶೀಟು ಒಬ್ಬನೇ ನುಂಗ್ತೀಯಾ? ಫಾಮನು ಮಗ ಅಂತ ಹೇಳ್ಕೋಬೇಡ!"

ಯೋಸುವಾ ನಾಚಿ ಶೀಟು ಹರಿಯತೊಡಗಿದ.

*

ಫಾಮನು ಇಪ್ಪತ್ತು ವರ್ಷ ತಂಡದವರ ಕಾಲು ತಿಕ್ಕಿದವನು. ಯಾರ ಮನೆಯಲ್ಲಿ ಮಾತ್ರೆ ಉಳಿದಿದ್ದರೂ ತಂದು, ದೀವಿಹಲಸಿನ ಎಲೆಯ ಮೇಲೆ ಸುರಿದು, ಕುರು ಎದ್ದವರಿಗೆ ತಲೆಗೆರಡು ಹಂಚುತ್ತಿದ್ದ. "ಒಬ್ಬನೇ ತಿನ್ನೋದು ನಾಯಿ ಕಣ್ರೋ." ಎರಡು ದಿನಕ್ಕೆ ನೋವಿಳಿಯುತ್ತಿತ್ತು. ತಿಂಗಳೊಳಗೆ ಅದೇ ಟವೆಲ್ಲಿನಲ್ಲಿ ಮೈ ಒರೆಸಿಕೊಂಡ ಇನ್ನೊಬ್ಬನಿಗೆ ಕುರು ಏಳುತ್ತಿತ್ತು. ಕೊನೆಗೆ ಫಾಮನುವಿನ ಕಾಲಿಗೇ ಬಂತು.

"ಇದು ಆಸ್ಪತ್ರೇಲಿ ಹತ್ತಿದ್ದಲ್ಲಮ್ಮ, ನಿಮ್ಮ ಮೈದಾನದ್ದೇ," ಎಂದಿದ್ದಳು ವೈದ್ಯೆ, ಲೋಸಾಳಿಗೆ. "ಅರೆಬರೆ ಮಾತ್ರೆ ತಿಂದೂ ತಿಂದೂ ಕ್ರಿಮಿ ಪಳಗಿಬಿಟ್ಟಿದೆ. ಹಳೇ ಮದ್ದಿಗೆ ಜಗ್ಗಲ್ಲ."

ಬೇರೆ ಮದ್ದು ಹಾಕುವಷ್ಟರಲ್ಲಿ ನಂಜು ರಕ್ತಕ್ಕೇರಿತ್ತು.

*

ಲೋಸಾ ಶೀಟು ಕಿತ್ತುಕೊಂಡು ಪೌಲೋನ ಮುಂದೆ ಹಿಡಿದಳು. "ಇದನ್ನೂ ಸಾರು ಮಾವಾ."

"ತಲೆ ಕೆಟ್ಟಿದೆಯೇನೇ? ಹೆಣದ ಮುಂದೆ ಮಾತ್ರೆ ಸಾರೋದಾ?"

"ಹಂಚೀ ಹಂಚೀ ಅಪ್ಪ ಪೆಟ್ಟಿಗೇಲಿದಾನೆ. ಇವನೂ ಪಕ್ಕದಲ್ಲಿ ಮಲಗ್ಲಾ?"

ಪೌಲೋ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಹಂದಿಯನ್ನು ಸಾರಿದ್ದಕ್ಕಿಂತ ಜೋರಾಗಿ ಕೂಗಿದ: "ಮಾತ್ರೆ! ಏಳು ದಿನದ್ದು! ಯೋಸುವಾ ಒಬ್ಬನಿಗೇ! ಕೈ ಚಾಚಿದವನಿಗೆ ನನ್ನ ಕೋಲು!"

ಹೆಂಗಸರ ಹಾಡು ನಿಂತಿತು. ಯಾರೋ ಕಿಸಕ್ಕೆಂದರು.

"ಹಂಗಾದ್ರೆ ನನ್ನ ಗತಿ?" ಎಂದ ಸಿಮಿ.

"ಆಸ್ಪತ್ರೇಲಿ ನಿನ್ನ ಕೀವು ತೋರ್ಸಿ ನಿನ್ನ ಶೀಟು ನೀನು ತಾ," ಎಂದಳು ಲೋಸಾ. "ಇನ್ಯಾರಿಗಿದೆ? ಲುಂಗಿ ಎತ್ರೋ!"

ಒಬ್ಬ ಎತ್ತಿದ. ಇನ್ನೊಬ್ಬ. ಅರ್ಧ ತಂಡವೇ ಎತ್ತಿ ನಿಂತಿತು.

ಮಣ್ಣು ಮುಗಿದದ್ದೇ ತಡ, ಲಾರಿ ಆಸ್ಪತ್ರೆಯ ದಾರಿ ಹಿಡಿಯಿತು. ಹಿಂಬದಿಯಲ್ಲಿ ಏಳು ದಾಂಡಿಗರು ಕಂಬಿ ಹಿಡಿದು ನಿಂತಿದ್ದರು. ತಿರುವು ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಬೀಳದಂತೆ ಒದ್ದಾಡುತ್ತ, "ಮುಟ್ಬೇಡ್ವೋ, ದೂರ ನಿಲ್ಲೋ!" ಎಂದು ಬೈದಾಡುತ್ತ.